ಪೆಟ್ಟಿಗೆಯ ಮೇಲಿನ 192

ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಆಡಿಯೊ ಇಂಟರ್‌ಫೇಸ್ ನಾಲ್ಕು ಕೆಲಸ ಮಾಡುತ್ತದೆ. ಮೈಕಿನಿಂದ ಬರುವ ಅತಿ ಸಣ್ಣ ವೋಲ್ಟೇಜನ್ನು ಹಿಗ್ಗಿಸುತ್ತದೆ; ಅದನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುತ್ತದೆ; ಕಂಪ್ಯೂಟರಿನಿಂದ ಬಂದ ಅಂಕಿಗಳನ್ನು ಮತ್ತೆ ವೋಲ್ಟೇಜಾಗಿಸಿ ಹೆಡ್‌ಫೋನಿಗೂ ಸ್ಪೀಕರಿಗೂ ಕಳಿಸುತ್ತದೆ; ಹೋಗುವ ಬರುವ ಎರಡೂ ದಾರಿ ಒಂದೇ ಗಡಿಯಾರದ ಲೆಕ್ಕದಲ್ಲಿ ನಡೆಯುವಂತೆ ನೋಡಿಕೊಳ್ಳುತ್ತದೆ. ಅಂಗಡಿಯಲ್ಲಿ ಈಗಲೂ ‘ಸೌಂಡ್ ಕಾರ್ಡ್’ ಎಂದು ಕೇಳಿದರೆ ಇದನ್ನೇ ತೆಗೆದು ತೋರಿಸುತ್ತಾರೆ. ತೋರಿಸಿದ ಪೆಟ್ಟಿಗೆಯ ಮೇಲೆ ಕೊಳ್ಳುವವರ ಕಣ್ಣು ಮೊದಲು ನಿಲ್ಲುವುದು ಒಂದು ಬರಹದ ಮೇಲೆ: 24 ಬಿಟ್, 192 ಕಿಲೋಹರ್ಟ್ಸ್.

ಆ ಸಂಖ್ಯೆ ದೊಡ್ಡದಾದಷ್ಟೂ ಧ್ವನಿ ಸ್ವಚ್ಛ, 48 ಹಳೆಯ ಕಾಲದ್ದು, 96 ಪರವಾಗಿಲ್ಲ, 192 ಇದ್ದರೆ ‘ಸ್ಟುಡಿಯೊ ಗುಣಮಟ್ಟ’ ಎಂಬ ತಿಳಿವಳಿಕೆ ಜಾಹೀರಾತಿನಿಂದ ಹೊರಟು, ವಿಮರ್ಶೆಯ ವಿಡಿಯೊಗಳನ್ನು ಹಾದು, ಹಾಡುವವರು, ಕತೆ ಓದುವವರು, ಪಾಡ್‌ಕಾಸ್ಟ್ ಮಾಡುವವರ ಮನಸ್ಸಿನಲ್ಲಿ ಭದ್ರವಾಗಿ ಕೂತಿದೆ. ಈ ತಿಳಿವಳಿಕೆ ತಪ್ಪು. ಮೇಲೆ ಹೇಳಿದ ನಾಲ್ಕು ಕೆಲಸಗಳಲ್ಲಿ ಈ ಸಂಖ್ಯೆ ಸಂಬಂಧಿಸುವುದು ಅಂಕಿಗಳಾಗಿಸುವ, ಅಂಕಿಗಳಿಂದ ಹಿಂತಿರುಗಿಸುವ ಕೆಲಸಕ್ಕೆ ಮಾತ್ರ. ಇಡೀ ಯಂತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಪರಿಹಾರವಾದ ಸಮಸ್ಯೆಯೂ ಅದೇ. ಪರಿಹಾರವಾಗದೆ ಉಳಿದವು ಬೇರೆ ಇವೆ. ಆಯ್ಕೆ ನಡೆಯಬೇಕಾದದ್ದು ಅವುಗಳ ಮೇಲೆ.

ಮೊದಲು ಕಿಲೋಹರ್ಟ್ಸಿನ ಮಾತು. ಸ್ಯಾಂಪಲ್ ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಸಲ ವೋಲ್ಟೇಜನ್ನು ಅಳೆಯುತ್ತಾರೆ ಎಂಬ ಲೆಕ್ಕ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬುನಾದಿ ಹಾಕಿದ, ಕ್ಲಾಡ್ ಶ್ಯಾನನ್ 1949ರಲ್ಲಿ ಪೂರ್ಣರೂಪ ಕೊಟ್ಟ ಪ್ರಮೇಯದ ಪ್ರಕಾರ, ಒಂದು ಸದ್ದಿನಲ್ಲಿರುವ ಅತಿ ಎತ್ತರದ ಕಂಪನಕ್ಕೆ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆದರೆ ಆ ಸದ್ದನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು. ‘ಪೂರ್ತಿಯಾಗಿ’ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಹತ್ತಿರಹತ್ತಿರ, ಸುಮಾರಾಗಿ ಎಂಬ ಅರ್ಥ ಅದಕ್ಕಿಲ್ಲ. ಜಾಹೀರಾತಿನ ಚಿತ್ರಗಳಲ್ಲಿ 44.1 ಕಿಲೋಹರ್ಟ್ಸನ್ನು ಒರಟು ಮೆಟ್ಟಿಲುಗಳಂತೆ, 192ನ್ನು ನಯವಾದ ಗೆರೆಯಂತೆ ಬಿಡಿಸುತ್ತಾರೆ. ಆ ಚಿತ್ರ ಸುಳ್ಳು. ಪರಿವರ್ತಕದ ಹೊರಗೆ ಬರುವ ವೋಲ್ಟೇಜಿನಲ್ಲಿ ಮೆಟ್ಟಿಲಿರುವುದಿಲ್ಲ. ಸೋಸುವ ಫಿಲ್ಟರ್ ದಾಟಿದ ಮೇಲೆ ಎರಡೂ ಕಡೆ ಬರುವುದು ಒಂದೇ ನಯವಾದ ಅಲೆ.

ಎಳೆಯ, ಆರೋಗ್ಯವಂತ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20 ಕಿಲೋಹರ್ಟ್ಸ್. ವಯಸ್ಸಾದಂತೆ ಅದು ಇಳಿಯುತ್ತ ಹೋಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ 44.1 ಕಿಲೋಹರ್ಟ್ಸ್ ಆ ಮಿತಿಯನ್ನು ದಾಟಿ 22.05ರವರೆಗೆ ಹಿಡಿಯುತ್ತದೆ. ಸಿನಿಮಾ ಮತ್ತು ವಿಡಿಯೊ ಲೋಕ ಒಪ್ಪಿಕೊಂಡಿರುವ 48 ಕಿಲೋಹರ್ಟ್ಸ್ 24ರವರೆಗೆ ಹೋಗುತ್ತದೆ. ಒಂದು ಕಾಲದಲ್ಲಿ ಇದಕ್ಕೆ ನ್ಯಾಯವಾದ ಆಕ್ಷೇಪವೊಂದಿತ್ತು. 20 ಮತ್ತು 22ರ ನಡುವಿನ ಕಿರಿದಾದ ಸಂದಿಯಲ್ಲಿ ಕಡಿದಾಗಿ ಕತ್ತರಿಸುವ ಅನಲಾಗ್ ಫಿಲ್ಟರು ಬೇಕಿತ್ತು, ಅಂಥ ಫಿಲ್ಟರು ಧ್ವನಿಗೆ ಕಲೆ ಹತ್ತಿಸುತ್ತಿತ್ತು. ಇಂದಿನ ಪರಿವರ್ತಕಗಳು ಒಳಗೆ ಸೆಕೆಂಡಿಗೆ ಲಕ್ಷಾಂತರ ಸಲ ಅಳೆದು, ಅಂಕಿಗಳ ಮಟ್ಟದಲ್ಲೇ ಸೋಸಿ, ಕೊನೆಗೆ 48ಕ್ಕೆ ಇಳಿಸುತ್ತವೆ. ಕಡಿದಾದ ಅನಲಾಗ್ ಫಿಲ್ಟರು ಈಗ ಇಲ್ಲವೇ ಇಲ್ಲ. ಆಕ್ಷೇಪ ಮಾತ್ರ ಬಾಯಿಂದ ಬಾಯಿಗೆ ಉಳಿದುಕೊಂಡಿದೆ.

ಕಿವಿಗೆ ಕೇಳದಿದ್ದರೂ ‘ಅನುಭವಕ್ಕೆ ಬರುತ್ತದೆ’ ಎಂಬ ವಾದವೂ ಇದೆ. ಅದನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೈ ರೆಸಲ್ಯೂಶನ್ ಡಿಸ್ಕಿನ ಧ್ವನಿಯನ್ನು ನೇರವಾಗಿ ಒಮ್ಮೆ, 16 ಬಿಟ್ 44.1 ಕಿಲೋಹರ್ಟ್ಸಿನ ಮೂಲಕ ಹಾಯಿಸಿ ಒಮ್ಮೆ ಕೇಳಿಸಿದರು. ಯಾವುದು ಯಾವುದೆಂದು ಮುಂಚೆ ಹೇಳಲಿಲ್ಲ. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಎದುರು ಪಕ್ಷದ ಅತ್ಯುತ್ತಮ ಸಾಕ್ಷ್ಯವನ್ನೂ ಇಲ್ಲಿ ಹೇಳಲೇಬೇಕು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3 ಬಂತು. ಸಂಖ್ಯಾಶಾಸ್ತ್ರದ ಕಣ್ಣಿಗೆ ಅದು ಸೊನ್ನೆಯಲ್ಲ, ಕಿವಿಯನ್ನು ಪಳಗಿಸಿಕೊಂಡವರಲ್ಲಿ ಇನ್ನಷ್ಟು ಹೆಚ್ಚಿತ್ತು. ಆದರೆ ನೂರಕ್ಕೆ ಐವತ್ತರ ಬದಲು ಐವತ್ತೆರಡು ಸಲ ಸರಿಯಾಗಿ ಊಹಿಸುವಂತೆ ಮಾಡುವ ವ್ಯತ್ಯಾಸವನ್ನು ನಂಬಿ, ಫ್ಯಾನು ತಿರುಗುವ ಕೋಣೆಯಲ್ಲಿ ಭಾವಗೀತೆ ಹಾಡುವವರಿಗೆ ‘192 ಇಲ್ಲದ್ದು ಬೇಡ’ ಎನ್ನುವುದು ಅವರ ಹಣಕ್ಕೆ ಮಾಡುವ ಅನ್ಯಾಯ.

ಅದಕ್ಕಿಂತ ಮುಖ್ಯವಾಗಿ, ಹಿಡಿದದ್ದು ತಲುಪುವುದೆಲ್ಲಿಗೆ? ಎಫ್‌ಎಂ ಬಾನುಲಿ ಸಾಗಿಸುವುದು 15 ಕಿಲೋಹರ್ಟ್ಸಿನವರೆಗೆ. ಆಕಾಶವಾಣಿಯ ಎಫ್‌ಎಂ ಕೇಂದ್ರಗಳೂ ಇದಕ್ಕೆ ಹೊರತಲ್ಲ. ಯೂಟ್ಯೂಬ್ ಬಳಸುವ ಓಪಸ್ ಕೋಡೆಕ್ಕು 48 ಕಿಲೋಹರ್ಟ್ಸಿನಲ್ಲಿ ಕೆಲಸ ಮಾಡಿ 20ರ ಮೇಲಿನದನ್ನು ಬಿಟ್ಟುಬಿಡುತ್ತದೆ. ಮೈಕುಗಳ ತಾಂತ್ರಿಕ ಪತ್ರಗಳೂ ಹೆಚ್ಚಿನವು 20 ಕಿಲೋಹರ್ಟ್ಸಿಗೇ ನಿಲ್ಲುತ್ತವೆ. ಹಾಡುಗಾರರ ಕೈಯಲ್ಲಿ ಸದಾ ಕಾಣುವ ಶೂರ್ ಎಸ್‌ಎಂ58 ಮೈಕಿನದು 15ಕ್ಕೆ. ಮೈಕು ಹಿಡಿಯದ್ದನ್ನು ಇಂಟರ್‌ಫೇಸ್ ಎಲ್ಲಿಂದ ತರಬೇಕು? ಕೇಳದ ಎತ್ತರದಲ್ಲಿ ಏನಾದರೂ ಹೊಕ್ಕಿದ್ದರೆ ಅದರಿಂದ ಹಾನಿಯೂ ಆದೀತು. 30 ಮತ್ತು 33 ಕಿಲೋಹರ್ಟ್ಸಿನ ಎರಡು ಕಂಪನಗಳು ಆಂಪ್ಲಿಫೈಯರಿನ ಅಥವಾ ಸ್ಪೀಕರಿನ ಅಲ್ಪಸ್ವಲ್ಪ ಡೊಂಕಿನಲ್ಲಿ ಒಂದಕ್ಕೊಂದು ತಾಕಿದರೆ, ಅವೆರಡರ ನಡುವಿನ 3 ಕಿಲೋಹರ್ಟ್ಸಿನ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗಿ ಕೇಳುವ ಕಲಬೆರಕೆಯಾಗಿ ಹುಟ್ಟುತ್ತದೆ. ಬೆಲೆ ಡಿಸ್ಕಿನಲ್ಲೂ ತೆರಬೇಕು: 24 ಬಿಟ್ಟಿನಲ್ಲಿ ಒಂದೇ ಮೈಕಿನ ಒಂದು ಗಂಟೆಯ ಮುದ್ರಣಕ್ಕೆ 48ರಲ್ಲಿ ಸುಮಾರು 518 ಮೆಗಾಬೈಟ್ ಸಾಕು, 192ರಲ್ಲಿ 2 ಗಿಗಾಬೈಟ್ ದಾಟುತ್ತದೆ.

ಹೆಚ್ಚಿನ ಸ್ಯಾಂಪಲ್ ರೇಟಿಗೆ ನಿಜವಾದ ಜಾಗಗಳೂ ಇವೆ. ಬಾವಲಿಯ ಕೂಗನ್ನು ಅಧ್ಯಯನ ಮಾಡುವವರಿಗೆ 192 ಕೂಡ ಕೆಲವು ಸಲ ಸಾಲದು. ಸಿನಿಮಾಕ್ಕೆ ಸದ್ದು ಕಟ್ಟುವವರು ಮುದ್ರಿಸಿದ್ದನ್ನು ನಾಲ್ಕು ಪಟ್ಟು ನಿಧಾನಗೊಳಿಸಿದಾಗ, ಮೊದಲು ಕೇಳದಿದ್ದ ಎತ್ತರದ ಕಂಪನಗಳು ಕಿವಿಯ ವ್ಯಾಪ್ತಿಗೆ ಇಳಿದು ಬರುತ್ತವೆ. ಆದರೆ ಆ ಕೆಲಸಗಳಿಗೆ ಅದಕ್ಕೆಂದೇ ಮಾಡಿದ ಮೈಕು ಬೇಕು.

ಬಿಟ್ಟುಗಳ ಲೆಕ್ಕವೂ ಇದೇ ಜಾತಿಯದು, ಆದರೆ ಇಲ್ಲಿ 24 ಎಂಬುದಕ್ಕೆ ಅರ್ಥವಿದೆ. ಅತಿ ಜೋರು ಸದ್ದಿಗೂ ಅತಿ ಮೆಲು ಸದ್ದಿಗೂ ನಡುವೆ ಹಿಡಿಯಬಲ್ಲ ಅಂತರ, ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬಲ್ಲಿನಂತೆ 16 ಬಿಟ್ಟಿಗೆ 96, 24 ಬಿಟ್ಟಿಗೆ 144 ಡೆಸಿಬಲ್. 144ನ್ನು ಮುಟ್ಟುವ ಅನಲಾಗ್ ಸರ್ಕೀಟು ಯಾರ ಬಳಿಯೂ ಇಲ್ಲ. ಒಳ್ಳೆಯ ಇಂಟರ್‌ಫೇಸುಗಳು ನಿಲ್ಲುವುದು 110ರಿಂದ 125ರ ನಡುವೆ. ಹಾಗಾದರೆ 24ರ ಉಪಯೋಗವೇನು? ಹಾಡುವಾಗ ಮಟ್ಟವನ್ನು 15-20 ಡೆಸಿಬಲ್ ಕೆಳಗೇ ಇಟ್ಟುಕೊಂಡು, ತಾರಸ್ಥಾಯಿಗೆ ಏರಿದಾಗ ಧ್ವನಿ ಒಡೆಯುವ ಭಯವಿಲ್ಲದೆ ಮುದ್ರಿಸಬಹುದು. ಇದು ದೊಡ್ಡ ಅನುಕೂಲ, ಮತ್ತು ಇವತ್ತಿನ ಹೆಚ್ಚುಕಡಿಮೆ ಎಲ್ಲ ಇಂಟರ್‌ಫೇಸುಗಳಲ್ಲೂ ಇದೆ. ಈಚೆಗೆ ಬಂದ ‘32 ಬಿಟ್ ಫ್ಲೋಟ್’ ಕೂಡ ಹೊರಾಂಗಣದಲ್ಲಿ ಮಟ್ಟ ಸರಿಪಡಿಸಲು ಬಿಡುವಿಲ್ಲದವರಿಗೆ ಉಪಕಾರಿ. ಕೋಣೆಯಲ್ಲಿ ಕೂತು ಗೇನ್ ತಿರುಪನ್ನು ನೆಮ್ಮದಿಯಿಂದ ತಿರುಗಿಸಬಲ್ಲವರಿಗೆ ಅದು ಅನಿವಾರ್ಯವಲ್ಲ. ಮೈಕಿನೊಳಗೇ ಒಡೆದ ಧ್ವನಿಯನ್ನಂತೂ ಅದು ಕೂಡಿಸಿಕೊಡದು.

ಈ ಸಂಖ್ಯೆಗಳೆಲ್ಲ ಕೋಣೆಯ ಬಾಗಿಲಲ್ಲೇ ಹೇಗೆ ಸೋಲುತ್ತವೆಂಬುದಕ್ಕೆ ಒಂದು ಲೆಕ್ಕ ಸಾಕು. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್. ಫ್ಯಾನು ತಿರುಗುತ್ತಿರುವ, ಕಿಟಕಿಯಾಚೆ ಬೀದಿಯಿರುವ ಕೋಣೆಯ ಸದ್ದು 40ರಿಂದ 45. ಮೈಕು ಒಂದು ಮೀಟರ್ ದೂರವಿದ್ದರೆ ಮಾತಿಗೂ ಗದ್ದಲಕ್ಕೂ ಇರುವ ಅಂತರ 15-20 ಡೆಸಿಬಲ್ ಮಾತ್ರ, ಅಂದರೆ ಮೂರು ಬಿಟ್ಟಿನಷ್ಟು. ಮೈಕನ್ನು ಗೇಣಿಗಿಂತ ಹತ್ತಿರ, 15 ಸೆಂಟಿಮೀಟರಿಗೆ ತಂದರೆ ಮಾತು 76ಕ್ಕೆ ಏರುತ್ತದೆ, ಅಂತರ 30 ದಾಟುತ್ತದೆ. ಬಿಡಿಗಾಸು ಖರ್ಚಿಲ್ಲದೆ 16 ಡೆಸಿಬಲ್ ಸಿಕ್ಕಿತು. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಮೈಕಿನ ಹಿಂದೆ ಮುಂದೆ ದಪ್ಪ ಕಂಬಳಿ ತೂಗುಹಾಕಿದರೆ ಇನ್ನಷ್ಟು ಸಿಗುತ್ತದೆ. 48ರಿಂದ 192ಕ್ಕೆ ಹೋದರೆ ಇದರಲ್ಲಿ ಒಂದು ಡೆಸಿಬಲ್ಲೂ ಸಿಗುವುದಿಲ್ಲ. ಆಡಿಯೊ ಪುಸ್ತಕ ಪ್ರಕಟಿಸುವ ಆಡಿಬಲ್ಲಿನ ಎಸಿಎಕ್ಸ್ ವಿಭಾಗ ಓದುಗರಿಂದ ಕೇಳುವುದು 44.1 ಕಿಲೋಹರ್ಟ್ಸಿನ ಕಡತವನ್ನು, ಮತ್ತು ಮೌನದ ಮಟ್ಟ -60 ಡೆಸಿಬಲ್ಲಿಗಿಂತ ಕೆಳಗಿರಬೇಕೆಂಬ ಕರಾರನ್ನು. ಮನೆಯಲ್ಲಿ ಓದಿ ಕಳಿಸುವವರಿಗೆ ಕಷ್ಟವಾಗುವುದು ಆ ಎರಡನೆಯ ಮಾತು.

ಇಂಟರ್‌ಫೇಸಿನ ಆಯ್ಕೆ ನಿಜವಾಗಿ ಶುರುವಾಗಬೇಕಾದದ್ದು ಮೈಕಿನ ವೋಲ್ಟೇಜನ್ನು ಹಿಗ್ಗಿಸುವ ಭಾಗವಾದ ಪ್ರೀಆಂಪಿನಿಂದ. ಪಾಡ್‌ಕಾಸ್ಟ್ ಮಾಡುವವರು ಆಸೆಪಟ್ಟು ಕೊಳ್ಳುವ ಶೂರ್ ಎಸ್‌ಎಂ7ಬಿ ಮೈಕು, 94 ಡೆಸಿಬಲ್ಲಿನಷ್ಟು ಜೋರಾದ ಸದ್ದಿಗೂ 1.12 ಮಿಲಿವೋಲ್ಟ್ ಮಾತ್ರ ಕೊಡುತ್ತದೆ. 15 ಸೆಂಟಿಮೀಟರ್ ದೂರದ ಸಾಮಾನ್ಯ ಮಾತಿಗೆ ಅದು ಸುಮಾರು 0.14 ಮಿಲಿವೋಲ್ಟಿಗೆ ಇಳಿಯುತ್ತದೆ. ಇದನ್ನು ಸಾವಿರ ಪಟ್ಟು, ಅಂದರೆ 60 ಡೆಸಿಬಲ್ ಹಿಗ್ಗಿಸುವ ಶಕ್ತಿ ಬೇಕು. 2019ರಲ್ಲಿ ಬಂದ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಮೂರನೆಯ ಪೀಳಿಗೆಯ ಗೇನ್ 56 ಡೆಸಿಬಲ್. 2023ರ ನಾಲ್ಕನೆಯ ಪೀಳಿಗೆಯದು 69. ಎರಡರ ಪೆಟ್ಟಿಗೆಯ ಮೇಲೂ 24 ಬಿಟ್, 192 ಕಿಲೋಹರ್ಟ್ಸ್ ಎಂದೇ ಇದೆ. ಇಂಥ ಮೈಕಿರುವವರಿಗೆ ಮೊದಲನೆಯದರಲ್ಲಿ ತಿರುಪು ಕೊನೆಯವರೆಗೆ ಹೋಗಿಯೂ ಧ್ವನಿ ಸಣ್ಣಗಾಗಿ, ನಡುವೆ ಇನ್ನೊಂದು ಬೂಸ್ಟರ್ ಪೆಟ್ಟಿಗೆ ಹಾಕುವ ಗತಿ ಬರುತ್ತಿತ್ತು, ಎರಡನೆಯದರಲ್ಲಿ ಬರುವುದಿಲ್ಲ. ಇವೆರಡರ ನಡುವಿನ 13 ಡೆಸಿಬಲ್ಲಿನ ವ್ಯತ್ಯಾಸವನ್ನು ದೊಡ್ಡಕ್ಷರದ ಆ ಸಂಖ್ಯೆ ಪೂರ್ತಿಯಾಗಿ ಮುಚ್ಚಿಟ್ಟಿತು.

ಹಿಗ್ಗಿಸುವಾಗ ಸೇರುವ ಸ್ಸ್ ಎನ್ನುವ ಸದ್ದನ್ನು ‘ಇ.ಐ.ಎನ್.’ ಎಂಬ ಅಳತೆ ಹೇಳುತ್ತದೆ. ಕೋಣೆಯ ಉಷ್ಣತೆಯಲ್ಲಿ 150 ಓಮ್‌ನ ಬರೀ ರೆಸಿಸ್ಟರೇ ಸುಮಾರು -131 ಡಿಬಿಯು ಸದ್ದು ಹುಟ್ಟಿಸುತ್ತದೆ. ಅದಕ್ಕಿಂತ ಕೆಳಗೆ ಹೋಗಲು ಭೌತಶಾಸ್ತ್ರ ಬಿಡುವುದಿಲ್ಲ. ಸಾಧಾರಣ ಬೆಲೆಯ ಒಳ್ಳೆಯ ಇಂಟರ್‌ಫೇಸುಗಳೇ -127, -128ರ ಆಸುಪಾಸಿನಲ್ಲಿವೆ. ಹತ್ತು ಪಟ್ಟು ಹಣ ಕೊಟ್ಟರೂ ಇಲ್ಲಿ ಗೆಲ್ಲಲು ಉಳಿದಿರುವುದು ಕೆಲವೇ ಡೆಸಿಬಲ್. ಕಂಡೆನ್ಸರ್ ಮೈಕಿನವರಿಗೆ ಅದೂ ಮುಖ್ಯವಲ್ಲ. ಅವರು ನೋಡಬೇಕಾದದ್ದು ಕೇಬಲ್ಲಿನ ಮೂಲಕವೇ ಹೋಗುವ 48 ವೋಲ್ಟಿನ ಫ್ಯಾಂಟಮ್ ಪವರ್ ಎರಡೂ ಮೈಕಿಗೆ ಸೊರಗದೆ ಸಿಗುತ್ತದೆಯೇ ಎಂಬುದನ್ನು.

ವಾದ್ಯ ನುಡಿಸುವವರಿಗೆ ಇದಕ್ಕಿಂತ ದೊಡ್ಡ ಸಂಗತಿ ಇಂಪೀಡೆನ್ಸ್, ಅಂದರೆ ಇನ್‌ಪುಟ್ಟು ಒಡ್ಡುವ ವಿದ್ಯುತ್ ತಡೆ. ವೀಣೆಗೂ ಪಿಟೀಲಿಗೂ ಅಂಟಿಸುವ ಕಾಂಟ್ಯಾಕ್ಟ್ ಮೈಕು ಸಾಮಾನ್ಯವಾಗಿ ಪೀಜೋ ಬಿಲ್ಲೆ. ವಿದ್ಯುತ್ತಿನ ಭಾಷೆಯಲ್ಲಿ ಅದೊಂದು ಸಣ್ಣ ಕೆಪ್ಯಾಸಿಟರ್. ಅದರ ಮೌಲ್ಯ 5 ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ, 10 ಕಿಲೋ ಓಮ್‌ನ ಲೈನ್ ಇನ್‌ಪುಟ್ಟಿಗೆ ಚುಚ್ಚಿದಾಗ ಸುಮಾರು 3,200 ಹರ್ಟ್ಸಿನ ಕೆಳಗಿನದೆಲ್ಲ ಸೊರಗುತ್ತದೆ. ಅಂದರೆ ವೀಣೆಯ ಮೈಯೇ ಹೋಗಿ ತಂತಿಯ ಕೀರಲು ಉಳಿಯುತ್ತದೆ. ಅದನ್ನೇ 1 ಮೆಗಾ ಓಮ್‌ನ ‘ಇನ್‌ಸ್ಟ್ರುಮೆಂಟ್’ ಇನ್‌ಪುಟ್ಟಿಗೆ ಕೊಟ್ಟರೆ ಸೊರಗುವಿಕೆ 32 ಹರ್ಟ್ಸಿಗೆ ಇಳಿಯುತ್ತದೆ, ಮಂದ್ರ ತಂತಿಗಳು ಪೂರ್ತಿ ಸಿಗುತ್ತವೆ. ಬಿಲ್ಲೆ ಇನ್ನೂ ಚಿಕ್ಕದಾಗಿ 1 ನ್ಯಾನೋಫ್ಯಾರಡ್ ಆದರೆ 1 ಮೆಗಾ ಓಮ್ ಕೂಡ ಸಾಲದು. 160 ಹರ್ಟ್ಸಿನಿಂದಲೇ ಕುಸಿತ ಶುರು, ಮಂದ್ರದ ತಂತಿ ತೆಳ್ಳಗಾಗುತ್ತದೆ. ಆಗ ಬೇಕಾದದ್ದು ವಾದ್ಯದ ಬಳಿಯಲ್ಲೇ ಒಂದು ಪ್ರೀಆಂಪ್. ವೀಣೆಯ ಮುದ್ರಣ ‘ಪ್ಲಾಸ್ಟಿಕ್ ತಂತಿಯಂತೆ’ ಕೇಳಿಸಿದಾಗ ಎಷ್ಟೋ ಮಂದಿ ಹೆಚ್ಚು ಕಿಲೋಹರ್ಟ್ಸಿನ ಇಂಟರ್‌ಫೇಸ್ ಹುಡುಕಿ ಹೊರಡುತ್ತಾರೆ. ಅವರು ಬದಲಿಸಬೇಕಾದದ್ದು ಕೇಬಲ್ ಚುಚ್ಚಿದ ತೂತನ್ನು ಮಾತ್ರ ಆಗಿರಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಲೇಖನದ ಸಿಟ್ಟಿಗೆ ಮುಖ್ಯ ಕಾರಣ ಅದೇ.

ಮುಂದಿನದು ಲೇಟೆನ್ಸಿ, ಹಾಡಿದ್ದು ಹೆಡ್‌ಫೋನಿಗೆ ಮರಳಲು ಹಿಡಿಯುವ ಹೊತ್ತು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 10 ಮಿಲಿಸೆಕೆಂಡ್ ತಡವೆಂದರೆ ಮೂರೂವರೆ ಮೀಟರ್ ಆಚೆ ಕೂತವರ ಮೃದಂಗ ಕೇಳಿದಂತೆ. ವಾದ್ಯಗಾರರು ಅದನ್ನು ಸಹಿಸಬಲ್ಲರು. ಹಾಡುವವರಿಗೆ ಕಷ್ಟ ಹೆಚ್ಚು, ಏಕೆಂದರೆ ತಲೆಯ ಮೂಳೆಯ ಮೂಲಕ ತಡವಿಲ್ಲದೆ ಬಂದ ಸ್ವಂತ ದನಿಗೆ ಹೆಡ್‌ಫೋನಿನ ತಡವಾದ ದನಿ ಬೆರೆತು ಶ್ರುತಿಯ ನಂಬಿಕೆಯೇ ಅಲುಗುತ್ತದೆ. ಕಂಪ್ಯೂಟರು ಒಂದು ಸಲಕ್ಕೆ ಒಟ್ಟುಗೂಡಿಸುವ ಸ್ಯಾಂಪಲ್ಲುಗಳ ಕಂತೇ ಬಫರ್; 48 ಕಿಲೋಹರ್ಟ್ಸಿನಲ್ಲಿ 128 ಸ್ಯಾಂಪಲ್ಲಿನ ಬಫರೆಂದರೆ 2.67 ಮಿಲಿಸೆಕೆಂಡ್. ಹೋಗಲು ಒಂದು, ಬರಲು ಒಂದು. ಅದರ ಮೇಲೆ ಪರಿವರ್ತಕದ ಹೊತ್ತು ಮತ್ತು ಡ್ರೈವರ್ ತನ್ನ ಸುರಕ್ಷೆಗೆ ಬಚ್ಚಿಟ್ಟುಕೊಳ್ಳುವ ಹೆಚ್ಚುವರಿ ಬಫರ್. ಈ ಕೊನೆಯದು ತಯಾರಕರಿಂದ ತಯಾರಕರಿಗೆ ಬಹಳ ಬದಲಾಗುತ್ತದೆ, ಪೆಟ್ಟಿಗೆಯ ಮೇಲೆ ಕಾಣುವುದೇ ಇಲ್ಲ. 192ರಲ್ಲಿ ಅದೇ 128ರ ಬಫರ್ 0.67 ಮಿಲಿಸೆಕೆಂಡಾಗುತ್ತದೆ ಎಂಬ ವಾದ ಲೆಕ್ಕಕ್ಕೆ ಸರಿ. ಆದರೆ ಲ್ಯಾಪ್‌ಟಾಪು ಅಷ್ಟೇ ಹೊತ್ತಿನಲ್ಲಿ ನಾಲ್ಕು ಪಟ್ಟು ಅಂಕಿಗಳನ್ನು ಅರೆಯಬೇಕಾಗಿ, ಧ್ವನಿ ಚಟಪಟ ಎನ್ನತೊಡಗಿ, ಕೊನೆಗೆ ಬಫರನ್ನು ಹಿಗ್ಗಿಸಬೇಕಾಗುತ್ತದೆ. ಅದಕ್ಕಿಂತ ಸರಳವಾದ ಮದ್ದು ‘ಡೈರೆಕ್ಟ್ ಮಾನಿಟರ್’ ಗುಂಡಿ: ಮೈಕಿನ ಧ್ವನಿ ಕಂಪ್ಯೂಟರಿಗೆ ಹೋಗಿ ಬರದೆ ಇಂಟರ್‌ಫೇಸಿನೊಳಗಿನಿಂದಲೇ ಕಿವಿಗೆ ಮರಳುತ್ತದೆ.

ಸಂಗೀತದ ಆನ್‌ಲೈನ್ ಪಾಠ ಹೇಳುವವರಿಗೆ ಇಲ್ಲೊಂದು ಸ್ಪಷ್ಟನೆ ಬೇಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಗೆರೆ ಎಳೆದರೂ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಆದ್ದರಿಂದ ಒಂದು ದಿಕ್ಕಿಗೇ 70 ಮಿಲಿಸೆಕೆಂಡ್. ಗುರು ಶಿಷ್ಯರು ಒಟ್ಟಿಗೆ ತಾಳ ಹಾಕುವಂತೆ ಮಾಡುವ ಇಂಟರ್‌ಫೇಸ್ ಯಾವ ಬೆಲೆಗೂ ಸಿಗದು. ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಲೂಪ್‌ಬ್ಯಾಕ್. ಲ್ಯಾಪ್‌ಟಾಪಿನಲ್ಲೇ ನುಡಿಯುವ ತಂಬೂರಿಯನ್ನೂ ಮೈಕಿನ ದನಿಯನ್ನೂ ಬೆರೆಸಿ ಆಚೆಗೆ ಕಳಿಸುವ ಈ ಸೌಲಭ್ಯ ಕೆಲವು ಅಗ್ಗದ ಮಾದರಿಗಳಲ್ಲಿದೆ, ಕೆಲವು ದುಬಾರಿಗಳಲ್ಲಿಲ್ಲ.

ಯುಎಸ್‌ಬಿ-ಸಿ ಅಥವಾ ಥಂಡರ್‌ಬೋಲ್ಟ್ ಇದ್ದರೆ ಧ್ವನಿ ಉತ್ತಮವೆಂಬ ನಂಬಿಕೆಯೂ 192ರ ಒಡಹುಟ್ಟು. 24 ಬಿಟ್ 48 ಕಿಲೋಹರ್ಟ್ಸಿನ ಒಂದು ಚಾನೆಲ್ಲಿಗೆ ಸೆಕೆಂಡಿಗೆ 11.52 ಲಕ್ಷ ಬಿಟ್ ಸಾಕು. 2000ದಲ್ಲಿ ಬಂದ ಯುಎಸ್‌ಬಿ 2.0ರ ದಾರಿ 48 ಕೋಟಿ ಬಿಟ್ಟಿನದು. ಎರಡು ಒಳಗೆ ಎರಡು ಹೊರಗೆ ಇರುವ ಇಂಟರ್‌ಫೇಸ್ ಆ ದಾರಿಯ ನೂರರಲ್ಲೊಂದು ಪಾಲನ್ನೂ ತುಂಬುವುದಿಲ್ಲ. ಯುಎಸ್‌ಬಿ-ಸಿ ಎಂಬುದು ಪ್ಲಗ್ಗಿನ ಆಕಾರದ ಹೆಸರು. ಒಳಗೆ ಹರಿಯುವುದು ಬಹಳ ಸಲ ಅದೇ 2.0.

ಇಂಟರ್‌ಫೇಸಿನದೆಂದು ದೂರು ಬರುವ ಗುಂಯ್ ಎನ್ನುವ ಸದ್ದು ಎಷ್ಟೋ ಸಲ ಅದರದ್ದಲ್ಲ. ಅದು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಮಡಿಗಳು. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಬೆರಳಿಗೆ ಜುಮ್ಮೆನ್ನುವುದು ಅರ್ತಿಂಗ್ ಇಲ್ಲದ ಸೋರಿಕೆಯಿಂದ. ಅದೇ ಸೋರಿಕೆ ಕೇಬಲ್ ಹಿಡಿದು ಧ್ವನಿಗೂ ಇಳಿಯುತ್ತದೆ. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಕಾರಣ ಸಿಕ್ಕಿತು. ಮೂರು ಪಿನ್ನಿನ ಚಾರ್ಜರ್, ಸರಿಯಾದ ಅರ್ತಿಂಗಿರುವ ಪ್ಲಗ್ಗು, ಎರಡೂ ತುದಿಯಲ್ಲಿ ಬ್ಯಾಲೆನ್ಸ್ಡ್ ಕೇಬಲ್, ಲ್ಯಾಪ್‌ಟಾಪೂ ಸ್ಪೀಕರೂ ಒಂದೇ ಬೋರ್ಡಿನಿಂದ ವಿದ್ಯುತ್ ಪಡೆಯುವ ವ್ಯವಸ್ಥೆ, ಇವು ಪರಿಹಾರ. ಸದ್ದು ನಿಲ್ಲಿಸಲೆಂದು ಅರ್ತ್ ಪಿನ್ನನ್ನು ಕತ್ತರಿಸುವ ರೂಢಿ ಕೆಲವು ಕಡೆ ಇದೆ. ಅದು ಪ್ರಾಣಕ್ಕೆ ಅಪಾಯ, ಯಾವ ಮುದ್ರಣಕ್ಕೂ ಅಂಥದ್ದನ್ನು ಮಾಡಬಾರದು.

ಉಳಿದದ್ದು ಆಯುಷ್ಯ. ಇಂಟರ್‌ಫೇಸಿನ ಪರಿವರ್ತಕ ಹತ್ತು ವರ್ಷಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ಅದರ ಡ್ರೈವರಿನ ಪಾಲನೆ. ಫೈರ್‌ವೈರ್ ಎಂಬ ಹಳೆಯ ಕೇಬಲ್ ಜೋಡಣೆಯ ಕಾಲದ ಎಷ್ಟೋ ಒಳ್ಳೆಯ ಪೆಟ್ಟಿಗೆಗಳು ಚುಚ್ಚುವ ಜಾಗವೇ ಇಲ್ಲದೆ ಮೂಲೆಗೆ ಸೇರಿದವು. ‘ಕ್ಲಾಸ್ ಕಂಪ್ಲಯಂಟ್’ ಆದದ್ದು ಮ್ಯಾಕಿನಲ್ಲೂ ಲಿನಕ್ಸಿನಲ್ಲೂ ತಯಾರಕರ ಡ್ರೈವರಿಲ್ಲದೆ ನಡೆಯುತ್ತದೆ. ವಿಂಡೋಸ್ ಕೂಡ 2017ರಿಂದ ಯುಎಸ್‌ಬಿ ಆಡಿಯೊ ಕ್ಲಾಸ್ 2ನ್ನು ತಾನಾಗಿ ಗುರುತಿಸುತ್ತದೆ. ವಿಂಡೋಸಿನಲ್ಲಿ ಕಡಿಮೆ ಲೇಟೆನ್ಸಿ ಬೇಕಾದವರು ಮಾತ್ರ, ಸ್ಟೈನ್‌ಬರ್ಗ್ 1997ರಲ್ಲಿ ತಂದ ಆಸಿಯೊ ಪದ್ಧತಿಯ ಡ್ರೈವರನ್ನು ತಯಾರಕರು ಈಗಲೂ ತಿದ್ದಿ ಹೊಸದಾಗಿಸುತ್ತಿದ್ದಾರೆಯೇ ಎಂದು ಅವರ ಡೌನ್‌ಲೋಡ್ ಪುಟದಲ್ಲಿ ತಾರೀಖು ನೋಡಬೇಕು. ಐದು ವರ್ಷದ ಹಿಂದಿನ ಮಾದರಿಗೂ ಈ ವರ್ಷದ ಡ್ರೈವರ್ ಅಲ್ಲಿದ್ದರೆ, ಕೊಳ್ಳಲು ಹೊರಟ ಹೊಸ ಮಾದರಿ ಐದು ವರ್ಷದ ಆಚೆಗೂ ನಡೆಯುತ್ತದೆಂದು ನಂಬಲು ಅದೊಂದು ಗಟ್ಟಿ ಕಾರಣ.